ಜೆರ್ಸಿ ತೆಗೆದುಕೊಳ್ಳಿ, ವರ್ಷಗಳನ್ನೂ ಕೇಳಿ

ಪತ್ರ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕಿ. ನಮ್ಮ ಹುಡುಗಿಯರ ಕೊಕ್ಕೊ ತಂಡಕ್ಕೆ ಕಂಪನಿಯೊಂದು ಜೆರ್ಸಿ, ಶೂ ಕೊಡುತ್ತದಂತೆ. ಎದೆಯ ಮೇಲೆ ಅವರ ಹೆಸರು, ಕೊಟ್ಟ ದಿನ ಫೋಟೊ. ಇದಕ್ಕೆ ‘ಲಿಂಗ ಸಮಾನತೆಯ ಯೋಜನೆ’ ಎಂದು ಹೆಸರಿಟ್ಟಿದ್ದಾರೆ. ನಗು ಬರುತ್ತದೆ, ಬೇಡ ಎನ್ನಲೂ ಮನಸ್ಸಿಲ್ಲ. ಏನು ಮಾಡಲಿ?

ಸಂಪಾದಕರ ಉತ್ತರ: ಬೇಡ ಎನ್ನಬೇಡಿ ಮೇಡಂ. ಬರಿಗಾಲಲ್ಲಿ ಓಡುವ ಹುಡುಗಿಗೆ ಶೂ ಬರುವುದಾದರೆ ನಮ್ಮ ತಕರಾರು ಸ್ವಲ್ಪ ಹೊತ್ತು ಕಾಯಲಿ. ಆದರೆ ಫೋಟೊಗೆ ನಿಲ್ಲುವ ಮೊದಲು ಒಂದು ಮಾತು ಕೇಳಿ: ಈ ದುಡ್ಡು ಪ್ರಚಾರದ ಖಾತೆಯದೋ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಖಾತೆಯದೋ? 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಇದೆ, ಗ್ರಾಮೀಣ ಕ್ರೀಡೆಗಳ ತರಬೇತಿಯೂ ಇದೆ. ತಮ್ಮ ಸರಕಿನ ಪ್ರಚಾರಕ್ಕೆಂದು ಕೊಡುವ ಪ್ರಾಯೋಜಕತ್ವವನ್ನು ಮಾತ್ರ ಸಿಎಸ್‌ಆರ್ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ. ಜಾಹೀರಾತೆಂದರೆ ಜಾಹೀರಾತಿನ ದರ ಕೊಡಲಿ. ನಮ್ಮ ಪತ್ರಿಕೆಯೂ ಹಾಗೆಯೇ ಬದುಕುತ್ತಿದೆ. ಸಿಎಸ್‌ಆರ್ ಎಂದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ನಿಯಮದಲ್ಲಿ ಅವಕಾಶವಿದೆ. ಆ ವರ್ಷಗಳನ್ನು ಕೇಳಿ.

ಹೀಗೆ ವರ್ಷಗಟ್ಟಲೆ ನಡೆದ ಕೆಲಸಗಳಿವೆ. 2006ರಲ್ಲಿ ದೆಹಲಿಯಲ್ಲಿ ನಾಜ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಸೇರಿ ಬಡ ಬಡಾವಣೆಗಳ ಹುಡುಗಿಯರಿಗಾಗಿ ‘ಗೋಲ್’ ಎಂಬ ಯೋಜನೆ ಆರಂಭಿಸಿದವು. ಆರಿಸಿಕೊಂಡ ಆಟ ನೆಟ್‌ಬಾಲ್. ಚೆಂಡು ಹಿಡಿದವಳು ಅದರೊಡನೆ ಓಡುವಂತಿಲ್ಲ, ಮೂರು ಸೆಕೆಂಡಿನೊಳಗೆ ಕೈಬಿಡಲೇಬೇಕು. ಎಷ್ಟೇ ಚುರುಕಿನವಳಾದರೂ ಜೊತೆಯವರಿಲ್ಲದೆ ಆಟ ಮುಂದೆ ಸಾಗದು. ‘ಇದು ನಮ್ಮ ಆಟ, ಜಾಗ ಬಿಡಿ’ ಎನ್ನಲು ಹುಡುಗರಿಗೂ ಅಲ್ಲಿ ನೆಪವಿರಲಿಲ್ಲ. ಆಟದ ಜೊತೆಗೇ ಆರೋಗ್ಯ, ಹಕ್ಕು, ಹಣಕಾಸಿನ ಪಾಠ. ಹಣದ ವಿಷಯ ಬ್ಯಾಂಕಿಗೆ ಗೊತ್ತು. ಮೈಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡುವುದು ಎಚ್‌ಐವಿ ಕ್ಷೇತ್ರದಲ್ಲಿ ಪಳಗಿದ್ದ ನಾಜ್‌ಗೆ ಗೊತ್ತು. ಪಾಲುದಾರಿಕೆ ಎಂದರೆ ನನಗೆ ಇಂಥದ್ದು.

ರಾಂಚಿ ಹತ್ತಿರದ ಓರ್ಮಾಂಝಿಯಲ್ಲಿ 2009ರಲ್ಲಿ ಆರಂಭವಾದ ‘ಯುವಾ’ ಸಂಸ್ಥೆಯದು ಫುಟ್‌ಬಾಲ್. ಬೇಗ ಮದುವೆ ಮಾಡುವ ಹಳ್ಳಿಗಳು ಅವು. ಅಲ್ಲಿ ಆಡಿ ಬೆಳೆದ ಹುಡುಗಿಯರೇ ಚಿಕ್ಕವರಿಗೆ ಕೋಚ್ ಆದರು. 2013ರಲ್ಲಿ ತಂಡ ಸ್ಪೇನ್‌ಗೆ ಹೋಗಿ ಟೂರ್ನಿಯೊಂದರಲ್ಲಿ ಮೂರನೇ ಸ್ಥಾನ ಪಡೆಯಿತು. 2015ರಲ್ಲಿ ಶಾಲೆಯೇ ಶುರುವಾಯಿತು. 2019ರಲ್ಲಿ ಕ್ರೀಡಾ ಲೋಕದ ಅಂತರರಾಷ್ಟ್ರೀಯ ಗೌರವವಾದ ಲಾರೆಸ್ ಪ್ರಶಸ್ತಿ ಬಂತು. ಪ್ರಶಸ್ತಿಗೆ ಹತ್ತು ವರ್ಷ ಹಿಡಿಯಿತು ಎಂಬುದನ್ನು ನಿಮ್ಮ ಕಂಪನಿಯವರಿಗೆ ಹೇಳಿ.

ನಿಮ್ಮ ಬೇಡಿಕೆ ಚಿಕ್ಕದಿರಲಿ, ಖಚಿತವಿರಲಿ. ಸಂಜೆ ನೀರು ಹಿಡಿಯಲು, ತಮ್ಮನನ್ನು ನೋಡಿಕೊಳ್ಳಲು ಮನೆಗೆ ಓಡುವ ಹುಡುಗಿ ಅಂಕಣದಲ್ಲಿ ಇನ್ನೊಂದು ಗಂಟೆ ಉಳಿಯಬೇಕಾದರೆ ಏನು ಬೇಕು ಎಂದು ಅವಳ ತಾಯಿಯನ್ನೇ ಕೇಳಿ. ಕತ್ತಲಾದ ಮೇಲೆ ಮನೆ ಮುಟ್ಟಿಸುವ ಆಟೊ ಇರಬಹುದು, ಬಾಗಿಲು ಸರಿಯಿರುವ ಶೌಚಾಲಯವಿರಬಹುದು. ಆ ಪಟ್ಟಿಯನ್ನು ಕಂಪನಿಯವರ ಮುಂದಿಡಿ. ಫೋಟೊ ಮೂರನೇ ವರ್ಷ ತೆಗೆಸೋಣ ಎಂದೂ ಹೇಳಿ ನೋಡಿ. ಅವರು ಏನೆಂದರೆಂದು ನಮಗೆ ಬರೆಯಿರಿ.