ಏಳು ಅಂದರೆ ಹತ್ತಕ್ಕೆ ಏಳಲ್ಲ

ಪ್ರಶ್ನೆ: ನಮ್ಮ ಅಪ್ಪಾಜಿಗೆ 68 ವರ್ಷ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ರಕ್ತಪರೀಕ್ಷೆ) ಜಾಸ್ತಿ ಬಂತು ಅಂತ ಬೆಳಗಾವಿಯಲ್ಲಿ ಪ್ರಾಸ್ಟೇಟ್ ಬಯಾಪ್ಸಿ ಮಾಡಿಸಿದೆವು. ರಿಪೋರ್ಟಿನಲ್ಲಿ ‘ಗ್ಲೀಸನ್ ಸ್ಕೋರ್ 3+4=7, ಗ್ರೇಡ್ ಗ್ರೂಪ್ 2’ ಅಂತಿದೆ. ಹತ್ತಕ್ಕೆ ಏಳು ಅಂದರೆ ರೋಗ ಮುಕ್ಕಾಲು ಭಾಗ ಹಬ್ಬಿದೆ ಅಂತಲಾ? ಅಥಣಿಯಲ್ಲಿರುವ ನಮ್ಮ ಕಾಕಾನಿಗೆ ಹೋದ ವರ್ಷ 4+3=7 ಬಂದಿತ್ತು. ಅವರಿಗೆ ರೇಡಿಯೇಶನ್ ಜೊತೆಗೆ ಹಾರ್ಮೋನ್ ಇಂಜೆಕ್ಷನ್ನೂ ಕೊಟ್ಟರು. ಅಪ್ಪಾಜಿಗೂ ಅದೇ ಆಗಬೇಕಲ್ವಾ?
– ಓದುಗರು, ಜಮಖಂಡಿ

ಉತ್ತರ: ಮೊದಲು ಆ ಹತ್ತಕ್ಕೆ ಏಳು ಅನ್ನೋದನ್ನ ತಲೆಯಿಂದ ತೆಗೆದುಬಿಡಿ. ಅದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ರೋಗ ಎಷ್ಟು ಹಬ್ಬಿದೆ ಅನ್ನುವ ಲೆಕ್ಕವೂ ಅಲ್ಲ.

ಬಯಾಪ್ಸಿಯಲ್ಲಿ ಸೂಜಿ ಹಾಕಿ ಪ್ರಾಸ್ಟೇಟಿನ ಬೇರೆ ಬೇರೆ ಕಡೆಯಿಂದ ಸಾಮಾನ್ಯವಾಗಿ ಹತ್ತು ಹನ್ನೆರಡು ತೆಳ್ಳನೆಯ ಎಳೆ ತೆಗೆಯುತ್ತಾರೆ. ಅವನ್ನು ಮೇಣದಲ್ಲಿ ಕೂರಿಸಿ (ಇದೇ ಬ್ಲಾಕ್), ಬಹಳ ತೆಳುವಾಗಿ ಕೊಯ್ದು, ಗಾಜಿನ ಮೇಲೆ (ಇದೇ ಸ್ಲೈಡ್) ಹಾಕಿ ನೇರಳೆ, ಗುಲಾಬಿ ಬಣ್ಣ ಹಚ್ಚುತ್ತಾರೆ. ಆಮೇಲೆ ಪೆಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡುವುದು ಮುಖ್ಯವಾಗಿ ಒಂದನ್ನೇ: ಕ್ಯಾನ್ಸರಿನ ಕೋಶಗಳು ಇನ್ನೂ ಪ್ರಾಸ್ಟೇಟಿನೊಳಗಿನ ಸಣ್ಣ ಸಣ್ಣ ಗ್ರಂಥಿಗಳ ಆಕಾರ ಕಟ್ಟುತ್ತಿವೆಯಾ, ಇಲ್ಲಾ ಅದನ್ನು ಮರೆತುಬಿಟ್ಟಿವೆಯಾ? ಒಂದೊಂದು ಕೋಶ ಎಷ್ಟು ಕೆಟ್ಟದಾಗಿ ಕಾಣುತ್ತದೆ ಅನ್ನುವುದಕ್ಕೆ ಇಲ್ಲಿ ನಂಬರ್ ಇಲ್ಲ, ಅವು ಕೂಡಿಕೊಂಡಿರುವ ರೀತಿಗೆ, ಅಂದರೆ ಪ್ಯಾಟರ್ನಿಗೆ, ಮಾತ್ರ ನಂಬರ್. ಅಮೆರಿಕದ ಮಿನಿಯಾಪೊಲಿಸ್‌ನ ಪೆಥಾಲಜಿಸ್ಟ್ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಈ ದಾರಿ ಹಾಕಿಕೊಟ್ಟರು. ಆಮೇಲೆ ತಿದ್ದುಪಡಿ ಬಹಳ ಆಗಿವೆ, ಆದರೆ ಮೂಲ ವಿಚಾರ ಇವತ್ತಿಗೂ ಅದೇ.

ಪ್ಯಾಟರ್ನ್ 3 ಅಂದರೆ ಸಣ್ಣ ಸಣ್ಣ ಗ್ರಂಥಿಗಳು ಬಿಡಿಬಿಡಿಯಾಗಿ ನಿಂತಿವೆ, ಪ್ರತಿಯೊಂದರ ಸುತ್ತಲೂ ಗೆರೆ ಎಳೆಯಬಹುದು, ನಡುವಿನ ತೂತು ಚೆನ್ನಾಗಿ ಕಾಣುತ್ತದೆ. ಪ್ಯಾಟರ್ನ್ 4ರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇಲ್ಲವೇ ಅರ್ಧಂಬರ್ಧ ರೂಪುಗೊಂಡಿರುತ್ತವೆ, ಕೆಲವು ಕಡೆ ದೊಡ್ಡ ಗುಂಪಿನ ತುಂಬಾ ಜರಡಿಯ ಹಾಗೆ ತೂತುಗಳು. ಈ ಜರಡಿ ರೂಪಕ್ಕೆ ಕ್ರಿಬ್ರಿಫಾರ್ಮ್ ಅನ್ನುತ್ತಾರೆ, ರಿಪೋರ್ಟಿನಲ್ಲಿ ಆ ಪದ ಇದೆಯಾ ಅಂತ ದಯವಿಟ್ಟು ಹುಡುಕಿ, ಯಾಕಂದರೆ ಅದು ಇದ್ದರೆ ಡಾಕ್ಟರು ಸ್ವಲ್ಪ ಹೆಚ್ಚು ಎಚ್ಚರ ವಹಿಸುತ್ತಾರೆ. ಪ್ಯಾಟರ್ನ್ 5ರಲ್ಲಿ ಗ್ರಂಥಿಯೇ ಇಲ್ಲ, ಕೋಶಗಳು ಒಂಟೊಂಟಿಯಾಗಿ, ಸಾಲಾಗಿ ಅಥವಾ ಹಾಸಿದ ಹಾಗೆ ಹರಡಿರುತ್ತವೆ. 1 ಮತ್ತು 2ನ್ನು ಈಗ ಸೂಜಿ ಬಯಾಪ್ಸಿಯಲ್ಲಿ ಕೊಡುವುದೇ ಇಲ್ಲ ಅನ್ನಬಹುದು. ಹಾಗಾಗಿ ನಮ್ಮಲ್ಲಿ ಲೆಕ್ಕ ಶುರುವಾಗುವುದೇ 3+3=6ರಿಂದ. ಆರು ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ‘ಹತ್ತಕ್ಕೆ ಆರು’ ಅಂತ ಕೇಳಿ ಊಟ ಬಿಟ್ಟು ಕೂತವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲ ನಂಬರ್ ಎಲ್ಲಕ್ಕಿಂತ ಜಾಸ್ತಿ ಜಾಗದಲ್ಲಿ ಕಂಡದ್ದು. ಎರಡನೆಯದು ಉಳಿದದ್ದರಲ್ಲಿ ಹೆಚ್ಚು ಕೆಟ್ಟದ್ದು. ಅಪ್ಪಾಜಿಯವರ 3+4ರಲ್ಲಿ ಹೆಚ್ಚಿನ ಭಾಗ ಸೌಮ್ಯ ರೂಪದ್ದು, ಕಾಕಾನ 4+3ರಲ್ಲಿ ಹೆಚ್ಚಿನ ಭಾಗವೇ 4. ಕೂಡಿಸಿದರೆ ಎರಡೂ ಏಳೇ, ಆದರೆ ಎರಡರ ನಡತೆ ಬೇರೆ. ಈ ಗೊಂದಲ ನಿಮ್ಮೊಬ್ಬರದಲ್ಲ. 2014ರಲ್ಲಿ ತಜ್ಞರೆಲ್ಲ ಸೇರಿ 1ರಿಂದ 5ರವರೆಗಿನ ಗ್ರೇಡ್ ಗ್ರೂಪ್ ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣ. 3+3 ಇದ್ದರೆ ಗ್ರೂಪ್ 1, 3+4 ಆದರೆ 2, 4+3 ಆದರೆ 3, ಮೊತ್ತ ಎಂಟು ಆದರೆ 4, ಒಂಬತ್ತು ಹತ್ತು ಆದರೆ 5. ಅಪ್ಪಾಜಿ ಐದರಲ್ಲಿ ಎರಡನೇ ಮೆಟ್ಟಿಲಲ್ಲಿದ್ದಾರೆ. ಹೀಗೆ ಹೇಳಿದರೆ ಮನಸ್ಸಿಗೂ ಸ್ವಲ್ಪ ಸಮಾಧಾನ, ಅಲ್ವಾ?

ಆದ್ದರಿಂದ ಕಾಕಾನಿಗೆ ಕೊಟ್ಟದ್ದೇ ಅಪ್ಪಾಜಿಗೂ ಆಗಬೇಕು ಅಂತೇನಿಲ್ಲ. ಪ್ಯಾಟರ್ನ್ 4 ಶೇಕಡಾ ಎಷ್ಟಿದೆ, ಎಷ್ಟು ಎಳೆಗಳಲ್ಲಿ ಕ್ಯಾನ್ಸರ್ ಸಿಕ್ಕಿದೆ ಅಂತ ನಿಮ್ಮ ಯುರಾಲಜಿಸ್ಟ್ ಹತ್ತಿರ ಕೇಳಿ. ಶೇಕಡಾ ಐದೋ ಹತ್ತೋ ಇದ್ದರೆ ಒಂದು ಮಾತು, ನಲವತ್ತು ಇದ್ದರೆ ಇನ್ನೊಂದು. ಅದರ ಜೊತೆ ಪಿಎಸ್‌ಎ, ಎಂಆರ್‌ಐ, ಅಪ್ಪಾಜಿಯವರ ಹೃದಯ, ಶುಗರ್ ಎಲ್ಲ ನೋಡಿಯೇ ಅವರು ತೀರ್ಮಾನ ಮಾಡಬೇಕು. ಇನ್ನೊಂದು ಮಾತು. ತಂದೆಗೂ ಕಾಕಾನಿಗೂ ಬಂದಿದೆ ಅಂದ ಮೇಲೆ, ನಿಮಗೆ 45ರ ಆಸುಪಾಸಾಗಿದ್ದರೆ ನಿಮ್ಮ ಪಿಎಸ್‌ಎ ಬಗ್ಗೆಯೂ ಅದೇ ಡಾಕ್ಟರ ಹತ್ತಿರ ಮಾತಾಡಿ. ಮುಂದೂಡಬೇಡಿ.

ಪ್ರಶ್ನೆ: ‘ಗ್ರೇಡ್ ಗ್ರೂಪ್ 4’ ಅಂದರೆ ನಾಲ್ಕನೇ ಸ್ಟೇಜಾ?
– ಓದುಗರು, ಇಂಡಿ

ಉತ್ತರ: ಅಲ್ಲ. ಗ್ರೇಡ್ ಅಂದರೆ ಕ್ಯಾನ್ಸರಿನ ಸ್ವಭಾವ, ಸ್ಟೇಜ್ ಅಂದರೆ ಅದು ಎಲ್ಲಿಯವರೆಗೆ ಹೋಗಿದೆ ಅನ್ನುವುದು. ಗ್ರೂಪ್ 4 ಇದ್ದೂ ಕ್ಯಾನ್ಸರ್ ಪ್ರಾಸ್ಟೇಟಿನೊಳಗೇ ಇರಬಹುದು. ಅದನ್ನು ಹೇಳುವುದು ಸ್ಕ್ಯಾನ್, ಬಯಾಪ್ಸಿ ಅಲ್ಲ.

ಪ್ರಶ್ನೆ: ಬೇರೆ ಆಸ್ಪತ್ರೆಯವರು ‘ಬ್ಲಾಕ್, ಸ್ಲೈಡ್ ತನ್ನಿ’ ಅಂದಿದ್ದಾರೆ. ಮೊದಲಿನ ಡಾಕ್ಟರಿಗೆ ಬೇಜಾರಾಗುತ್ತಾ? ಹೇಗೆ ಒಯ್ಯಬೇಕು?
– ಓದುಗರು, ವಿಜಯಪುರ

ಉತ್ತರ: ಬೇಜಾರು ಮಾಡಿಕೊಳ್ಳುವಂಥದ್ದು ಇದರಲ್ಲೇನಿಲ್ಲ. ಪ್ಯಾಟರ್ನ್ 3 ಮತ್ತು 4ರ ನಡುವಿನ ಗಡಿ ಬಹಳ ಸೂಕ್ಷ್ಮ. ಗ್ರಂಥಿ ಓರೆಯಾಗಿ ಕೊಯ್ದುಬಂದರೆ ಒಳ್ಳೆಯ 3 ಕೂಡ 4ರ ಹಾಗೆ ಕಾಣಬಹುದು, ಅನುಭವಿಗಳಲ್ಲೂ ಭಿನ್ನಾಭಿಪ್ರಾಯ ಬರುತ್ತದೆ. ಚಿಕಿತ್ಸೆ ಶುರು ಮಾಡುವ ಮೊದಲೇ ಇನ್ನೊಬ್ಬರು ನೋಡಲಿ. ಹಾರ್ಮೋನ್ ಕೊಟ್ಟ ಮೇಲೆ ಗ್ರಂಥಿಗಳ ರೂಪವೇ ಬದಲಾಗುತ್ತದೆ, ಆಗ ಹೊಸದಾಗಿ ಬಯಾಪ್ಸಿ ತೆಗೆದರೂ ಗ್ಲೀಸನ್ ನಂಬರನ್ನು ನಂಬುವ ಹಾಗಿರುವುದಿಲ್ಲ.

ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು, ಸಹಿ ಹಾಕಿ ತೆಗೆದುಕೊಳ್ಳಿ. ಮೊದಲಿನ ರಿಪೋರ್ಟಿನ ಝೆರಾಕ್ಸ್ ಜೊತೆಗಿರಲಿ. ಬ್ಲಾಕ್ ಅಂದರೆ ಮೇಣ, ನಿಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮೆತ್ತಗಾಗಿ ಹಾಳಾಗಬಹುದು. ಫ್ರಿಜ್ ಏನೂ ಬೇಡ, ನೆರಳಿದ್ದರೆ ಸಾಕು. ಸ್ಲೈಡುಗಳನ್ನು ಲ್ಯಾಬಿನವರು ಕೊಡುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಬಸ್ಸಿನ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಒಯ್ಯಿರಿ. ನೋಡಿದ ಮೇಲೆ ವಾಪಸ್ ಕೇಳಿ ಪಡೆಯಿರಿ, ಮುಂದೆ ಬೇರೆ ಪರೀಕ್ಷೆ ಬೇಕಾದರೆ ಅದೇ ಬ್ಲಾಕ್ ಬೇಕಾಗುತ್ತದೆ.