ಶಿಡ್ಲಘಟ್ಟದಿಂದ ಎಡಿಸನ್‌ಗೆ ಬರುತ್ತಿರುವ ತಾಯಿಗೆ

ನವೆಂಬರ್ ಮೊದಲ ವಾರಕ್ಕೆ ನ್ಯೂಜೆರ್ಸಿಯ ಎಡಿಸನ್‌ಗೆ ಬರುತ್ತಿದ್ದೀನಿ, ಮಗಳಿಗೆ 4 ವರ್ಷ, ಮಗನಿಗೆ 8 ತಿಂಗಳು, ಯಜಮಾನರು ಬೆಳಿಗ್ಗೆ ಹೋದರೆ ಸಂಜೆಗೇ ಬರೋದು ಅಂತ ಬರೆದಿದ್ದೀರಿ. ಶಿಡ್ಲಘಟ್ಟದಲ್ಲಿ ಅತ್ತೆ, ಓರಗಿತ್ತಿ, ಅಕ್ಕಪಕ್ಕದವರ ನಡುವೆ ಇದ್ದವಳಿಗೆ ಅಲ್ಲಿ ಹೊತ್ತು ಹೋಗುತ್ತಾ, ಹಿಟ್ಟು (ರಾಗಿ ಮುದ್ದೆ) ಮಾಡೋಕೆ ಆಗುತ್ತಾ, ಏನೇನು ತರಬೇಕು ಅಂತ ಕೇಳಿದ್ದೀರಿ. ಎಲ್ಲಕ್ಕೂ ಉತ್ತರ ಇದೆ, ಸ್ವಲ್ಪ ಉದ್ದ ಆಗುತ್ತೆ.

ಇಲ್ಲಿ ಮನೆಯಲ್ಲಿರುವ ತಾಯಂದಿರನ್ನು ಎಲ್ಲಕ್ಕಿಂತ ಕುಗ್ಗಿಸೋದು ಕಾಯುವ ಕೆಲಸ. ಹಾಲು ಮುಗಿದರೆ, ಮಗುವಿಗೆ ಮೈ ಬಿಸಿಯಾದರೆ, ಮಗಳನ್ನು ಎಲ್ಲಿಗಾದರೂ ಕರಕೊಂಡು ಹೋಗಬೇಕಾದರೆ, ಯಜಮಾನರು ಬರಲಿ ಅಂತ ಕಿಟಕಿ ನೋಡುತ್ತಾ ಕೂರೋದು. ಇದನ್ನು ಮೊದಲ ಮೂರು ತಿಂಗಳಲ್ಲೇ ಮುರಿಯಬೇಕು. ಅದರ ಮೊದಲ ಹೆಜ್ಜೆ ನೀವು ವಿಮಾನ ಹತ್ತುವ ಮುಂಚೆಯೇ ಇದೆ: ಮನೆಯ ಲೀಸ್‌ನಲ್ಲಿ (ಬಾಡಿಗೆ ಕರಾರಿನಲ್ಲಿ) ನಿಮ್ಮ ಹೆಸರೂ ಇರಲಿ, ಕರೆಂಟ್ ಬಿಲ್ಲೋ ಇಂಟರ್‌ನೆಟ್ ಬಿಲ್ಲೋ ಒಂದಾದರೂ ನಿಮ್ಮ ಹೆಸರಿಗೆ ಬರಲಿ. ಲೈಬ್ರರಿ ಕಾರ್ಡು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಎಲ್ಲಿ ಹೋದರೂ ವಿಳಾಸದ ಪುರಾವೆ ಕೇಳ್ತಾರೆ. ಎಲ್ಲ ಕಾಗದವೂ ಗಂಡನ ಹೆಸರಲ್ಲೇ ಇದ್ದರೆ ಪ್ರತಿಯೊಂದಕ್ಕೂ ಅವರು ರಜೆ ಹಾಕಿ ಜೊತೆಗೆ ಬರಬೇಕಾಗುತ್ತೆ. ಮನೆ ಇನ್ನೂ ಹಿಡಿದಿಲ್ಲ ಅಂದರೆ, ಲೈಬ್ರರಿಗೋ ಅಂಗಡಿಗೋ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ನಡೆದು ಹೋಗುವಷ್ಟು ಹತ್ತಿರ ಇರಲಿ, ದಾರಿಯುದ್ದಕ್ಕೂ ಫುಟ್‌ಪಾತ್ ಇರಲಿ. ಮ್ಯಾಪಿನಲ್ಲಿ ರಸ್ತೆಯ ಫೋಟೋ ನೋಡಿದರೆ ತಿಳಿಯುತ್ತೆ. ಎಷ್ಟೋ ರಸ್ತೆಗಳಲ್ಲಿ ಫುಟ್‌ಪಾತ್ ಅರ್ಧಕ್ಕೇ ನಿಂತು ಹೋಗುತ್ತೆ.

ಎಚ್-4 ವೀಸಾದಲ್ಲಿ (ಎಚ್-1ಬಿ ಮೇಲೆ ಕೆಲಸ ಮಾಡುವವರ ಹೆಂಡತಿ ಮಕ್ಕಳಿಗೆ ಕೊಡೋದು) ಕೆಲಸದ ಅನುಮತಿ ಇಲ್ಲದೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಕೆಲಸಕ್ಕೂ ತೆರಿಗೆಗೂ ಕೇಳುವ ಸರ್ಕಾರಿ ನಂಬರ್, ಕೊಡಲ್ಲ. ಯಜಮಾನರ ಐ-140 (ಗ್ರೀನ್ ಕಾರ್ಡಿಗೆ ಅವರ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ 2015ರಿಂದ ಇರುವ ನಿಯಮದ ಪ್ರಕಾರ ನೀವೂ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಅಲ್ಲಿಯ ತನಕ ದುಡ್ಡು ತೆಗೆದುಕೊಂಡು ಪಕ್ಕದ ಮನೆಯ ಮಗುವನ್ನು ನೋಡಿಕೊಳ್ಳೋದು, ಊಟದ ಡಬ್ಬಿ ಮಾಡಿ ಮಾರೋದು ಬೇಡ. ಸುತ್ತಮುತ್ತ ಮಾಡುವವರು ಕಾಣಿಸ್ತಾರೆ, ಆದರೆ ಮುಂದೆ ವೀಸಾ ಕೆಲಸದಲ್ಲಿ ಅದು ಕೊರಳಿಗೆ ಬರುತ್ತೆ. ಓದೋಕೆ ಅಡ್ಡಿಯಿಲ್ಲ, ಕಾಲೇಜಿಗೇ ಸೇರಬಹುದು. ತೆರಿಗೆ ಜಂಟಿಯಾಗಿ ಸಲ್ಲಿಸೋಕೆ ಐಟಿಐಎನ್ ಅಂತ ಬೇರೆ ನಂಬರ್ ಸಿಗುತ್ತೆ, ಡಬ್ಲ್ಯು-7 ಫಾರ್ಮನ್ನು ತೆರಿಗೆ ಕಾಗದದ ಜೊತೆಗೇ ಕಳಿಸೋದು. ಇಳಿದ ಮರುದಿನ ಐ-94 (ನೀವು ದೇಶದೊಳಗೆ ಬಂದ ದಾಖಲೆ) ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಹೆಸರು, ಹುಟ್ಟಿದ ತಾರೀಖು ಸರಿಯಿದೆಯಾ ಅಂತ ಅಕ್ಷರ ಅಕ್ಷರ ನೋಡಿ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆತನದ ಹೆಸರು ಹಾಕೋ ರೂಢಿ ಕಡಿಮೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಆಗಿಬಿಡುತ್ತೆ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಅಂತ ಬೀಳುತ್ತೆ. ಆಮೇಲೆ ಸ್ಕೂಲು, ಆಸ್ಪತ್ರೆ, ಲೈಸೆನ್ಸ್ ಎಲ್ಲ ಕಡೆ ಅದೇ ಹೆಸರು. ಮಕ್ಕಳ ವೀಸಾ ಇನ್ನೂ ಆಗಿಲ್ಲದಿದ್ದರೆ ಪಾಸ್‌ಪೋರ್ಟನ್ನು ಈಗಲೇ ಸರಿ ಮಾಡಿಸಿ.

ಡ್ರೈವಿಂಗ್ ಕಲಿಯೋದನ್ನು ಚಳಿ ಕಳೆಯಲಿ ಅಂತ ಮುಂದಕ್ಕೆ ಹಾಕಬೇಡಿ. ಬರವಣಿಗೆ ಪರೀಕ್ಷೆಯಲ್ಲಿ 50 ಪ್ರಶ್ನೆ, 40 ಸರಿ ಇರಬೇಕು, ಮಗು ಮಲಗಿದಾಗ ಎರಡು ವಾರ ಓದಿದರೆ ಸಾಕು. ಸಿಕ್ಕಿಬೀಳೋದು ಅಭ್ಯಾಸದಲ್ಲಿ. ಪರ್ಮಿಟ್ (ಕಲಿಯುವವರ ಪರವಾನಗಿ) ಇಟ್ಟುಕೊಂಡು ಓಡಿಸುವಾಗ ಪಕ್ಕದಲ್ಲಿ ಕೂರುವವರ ಹತ್ತಿರ ನ್ಯೂಜೆರ್ಸಿ ಲೈಸೆನ್ಸ್ ಇರಬೇಕು, ಅವರಿಗೆ ಲೈಸೆನ್ಸ್ ಸಿಕ್ಕಿ ಕನಿಷ್ಠ 3 ವರ್ಷ ಆಗಿರಬೇಕು. ನಿಮ್ಮ ಯಜಮಾನರು ಹೋದ ವರ್ಷ ಬಂದವರಾದರೆ ಅವರು ಲೆಕ್ಕಕ್ಕೆ ಬರದೇ ಇರಬಹುದು. ಡ್ರೈವಿಂಗ್ ಸ್ಕೂಲಿನ ತರಗತಿಗೆ ದುಡ್ಡು ತೆಗೆದಿಡಿ. ರಸ್ತೆಗಿಳಿದ ಮೇಲೆ ಒಂದನ್ನು ಮಾತ್ರ ಎಂದೂ ಮರೆಯಬೇಡಿ: ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ಎದುರಿನಿಂದ ಬರುತ್ತಿದ್ದರೂ 25 ಅಡಿ ದೂರದಲ್ಲೇ ನಿಲ್ಲಬೇಕು.

ಇನ್ನು ಮಕ್ಕಳದು. ತಾಯಿ ಕಾರ್ಡು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಳ್ಳಿ. ಹೊರಡೋ ಮುಂಚೆ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಎಲ್ಲ ಲಸಿಕೆಗಳನ್ನೂ ಇಂಗ್ಲಿಷಿನಲ್ಲಿ, ತಿಂಗಳನ್ನು ಅಕ್ಷರದಲ್ಲಿ ಬರೆಸಿ, ಸೀಲು ಹಾಕಿಸಿ. ನಾವು ದಿನ ಮೊದಲು ಬರೀತೀವಿ, ಇವರು ತಿಂಗಳು ಮೊದಲು. 05/08 ಅಂತ ಇದ್ದರೆ ಆಗಸ್ಟ್ 5 ಹೋಗಿ ಮೇ 8 ಆಗುತ್ತೆ, ವಯಸ್ಸಿಗೆ ಮುಂಚೆ ಕೊಟ್ಟಿದ್ದಾರೆ ಅಂತ ಡೋಸು ಲೆಕ್ಕದಿಂದ ಹೊರಗೆ ಬೀಳುತ್ತೆ. ಅಲ್ಲದೆ ನಮ್ಮಲ್ಲಿ 9 ತಿಂಗಳಿಗೆ ಕೊಡುವ ದಡಾರದ ಲಸಿಕೆಯನ್ನು ಇಲ್ಲಿ ಎಣಿಸೋದಿಲ್ಲ, ಒಂದು ವರ್ಷ ತುಂಬಿದ ಮೇಲಿನದ್ದೇ ಲೆಕ್ಕ. ಸರ್ಕಾರಿ ಪಟ್ಟಿಯಲ್ಲಿ ಚಿಕನ್‌ಪಾಕ್ಸ್ ಇಲ್ಲ, ಮಂಗನಬಾವೂ ಇಲ್ಲ, ಹಾಗಾಗಿ ಮಗಳಿಗೆ ಇಲ್ಲಿ ಒಂದೆರಡು ಸೂಜಿ ಖಂಡಿತ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು, ರಕ್ತದ ಪರೀಕ್ಷೆ ಮಾಡಿ ಅಂತ ಕೇಳಿ. ಇನ್ಶೂರೆನ್ಸಿಗೆ ಮೂವರನ್ನೂ ಮೊದಲ ವಾರವೇ ಸೇರಿಸಲಿ, ಬಹಳ ಕಂಪನಿಗಳಲ್ಲಿ ಗಡುವು 30 ದಿನ.

ಜ್ವರದ ಸಿರಪ್ಪಿನಲ್ಲಿ ತುಂಬ ಜನ ಎಡವುತ್ತಾರೆ, ಇದನ್ನು ಎರಡು ಸಲ ಓದಿ. ಪ್ಯಾರಾಸಿಟಮಾಲನ್ನು ಇಲ್ಲಿ ಅಸಿಟಾಮಿನೊಫೆನ್ ಅಂತಾರೆ, ಟೈಲೆನಾಲ್ ಅದೇ. ಇಲ್ಲಿನ ಮಕ್ಕಳ ಸಿರಪ್ಪಿನಲ್ಲಿ 5 ಎಂಎಲ್‌ಗೆ 160 ಮಿ.ಗ್ರಾಂ ಇರುತ್ತೆ. ನಮ್ಮೂರಿನ ಬಾಟಲಿಗಳಲ್ಲಿ 120, 125, ಇಲ್ಲವೇ 250. ಊರಿನ ಡಾಕ್ಟರು ಹೇಳಿದ 'ಅರ್ಧ ಚಮಚ'ದ ಲೆಕ್ಕವನ್ನು ಇಲ್ಲಿನ ಬಾಟಲಿಗೆ ಹಾಕಿದರೂ ತಪ್ಪು, ಊರಿಂದ ತಂದ ಬಾಟಲಿಗೆ ಇಲ್ಲಿನ ಲೆಕ್ಕ ಹಾಕಿದರೂ ತಪ್ಪು. ಡೋಸು ತೂಕದ ಮೇಲೆ ಹೋಗುತ್ತೆ. ಮಗುವಿನ ಡಾಕ್ಟರ ಆಫೀಸಿನಲ್ಲಿ ತೂಕ ನೋಡಿ ಎಷ್ಟು ಎಂಎಲ್ ಅಂತ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ, ಊರಿನ ಬಾಟಲಿ ಎತ್ತಿಡಿ. ಐಬುಪ್ರೊಫೆನ್‌ನಲ್ಲಿ ಕೂಸುಗಳ ಡ್ರಾಪ್ಸು ದೊಡ್ಡ ಮಕ್ಕಳ ಸಿರಪ್ಪಿಗಿಂತ ಎರಡರಷ್ಟು ಗಟ್ಟಿ, ಒಂದರ ಪಿಚಕಾರಿಯನ್ನು ಇನ್ನೊಂದಕ್ಕೆ ಬಳಸಲೇಬೇಡಿ. ರಾತ್ರಿ ಜ್ವರ ಬಂದರೆ ಡಾಕ್ಟರ ಆಫೀಸಿನ ನಂಬರಿಗೇ ಫೋನ್ ಮಾಡಿ, ಹೊತ್ತಲ್ಲದ ಹೊತ್ತಿನಲ್ಲೂ ನರ್ಸನ್ನೋ ಡಾಕ್ಟರನ್ನೋ ಸೇರಿಸುವ ವ್ಯವಸ್ಥೆ ಬಹಳ ಕಡೆ ಇರುತ್ತೆ. ಮಗು ಏನಾದರೂ ನುಂಗಿದರೆ ವಿಷದ ಸಹಾಯವಾಣಿ 1-800-222-1222, ಉಸಿರಿಗೆ ತೊಂದರೆ ಅಂದರೆ ಯೋಚಿಸದೆ 911.

ಕಾರ್ ಸೀಟು ಊರಿಂದ ತರಬೇಡಿ, ಅಮೆರಿಕದ ಸುರಕ್ಷತಾ ಮುದ್ರೆ ಅದರ ಮೇಲೆ ಇರಲ್ಲ. ಯಜಮಾನರು ಏರ್‌ಪೋರ್ಟಿಗೆ ಬರುವಾಗಲೇ ಎರಡು ಸೀಟು ಕಾರಿನಲ್ಲಿ ಕೂಡಿಸಿರಬೇಕು. ಮಗನದು ಹಿಂದಕ್ಕೆ ಮುಖ ಮಾಡಿರಲಿ: ನ್ಯೂಜೆರ್ಸಿಯಲ್ಲಿ 2 ವರ್ಷ ಮತ್ತು 30 ಪೌಂಡ್ ತುಂಬುವ ತನಕ ಕಾನೂನೇ ಹಾಗೆ. ಯಾರೋ ಕೊಟ್ಟ ಹಳೆಯ ಸೀಟು ಬೇಡ, ಅದು ಅಪಘಾತ ಕಂಡಿದೆಯೋ ಇಲ್ಲವೋ ನಮಗೆ ಗೊತ್ತಾಗಲ್ಲ. ಚಳಿಗಾಲದಲ್ಲಿ ಇನ್ನೊಂದು: ಉಬ್ಬಿದ ಜಾಕೆಟ್ ಹಾಕಿಸಿಯೇ ಬೆಲ್ಟ್ ಬಿಗಿದರೆ ಬಿಗಿಯಾಗಿರೋ ಹಾಗೇ ಕಾಣುತ್ತೆ. ಗುದ್ದಿದಾಗ ಜಾಕೆಟ್ಟಿನ ಗಾಳಿ ಒತ್ತಿಹೋಗಿ ಬೆಲ್ಟು ಸಡಿಲ, ಮಗು ಜಾರುತ್ತೆ. ಜಾಕೆಟ್ ಬಿಚ್ಚಿ, ಬೆಲ್ಟ್ ಬಿಗಿದು, ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು. ಆಮೇಲೆ ಮೇಲಿಂದ ಹೊದಿಕೆ ಹೊದಿಸಿ. ಅಂಗಡಿ ಮುಂದೆ 'ಎರಡೇ ನಿಮಿಷ' ಅಂತ ಮಕ್ಕಳನ್ನು ಕಾರಲ್ಲಿ ಬಿಟ್ಟು ಇಳಿಯೋದು ಇಲ್ಲಿ ಪೊಲೀಸರ ತನಕ ಹೋಗುವ ವಿಷಯ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ವರ್ಷವಿಡೀ ಬಿಸಿಲು ಕಂಡ ನಮ್ಮ ಕಡೆಯವರಿಗೆ ಚಳಿಗಿಂತ ಈ ಕತ್ತಲೆಯೇ ಭಾರ. ಹಾಗಾಗಿ ಹೊರಗಿನ ಕೆಲಸ ಬೆಳಿಗ್ಗೆಗೇ ಇಟ್ಟುಕೊಳ್ಳಿ. ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳೋ ಹೊತ್ತು ಇರುತ್ತೆ, ಪುಕ್ಕಟೆ. ತೊಡೆ ಮೇಲೆ ಕೂರಿಸಿಕೊಳ್ಳೋ ಕೂಸುಗಳಿಗೆ ಬೇರೆ, ಮಗಳ ವಯಸ್ಸಿನವರಿಗೆ ಬೇರೆ. ಹೆಸರು ಬರೆಸಬೇಕಾದ ಕಡೆ ಬೇಗ ತುಂಬಿಹೋಗುತ್ತೆ, ಯಾವ ದಿನ ಶುರು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಅದೇ ವಾರ, ಅದೇ ಹೊತ್ತಿಗೆ ಬಿಡದೆ ಹೋಗಿ. ಗೆಳೆತನ ಆಗೋದು ಅಲ್ಲಿ, ಮೂರನೆಯ ನಾಲ್ಕನೆಯ ವಾರದಲ್ಲಿ, ಜಾಕೆಟ್ ಹಾಕಿಸೋ ಜಾಗದಲ್ಲಿ. ಕನ್ನಡದವರು ಬೇಕು ಅಂದರೆ ಬೃಂದಾವನ ಕನ್ನಡ ಕೂಟ ಇದೆ, ಎಡಿಸನ್‌ನಲ್ಲೇ ಪುತ್ತಿಗೆ ಮಠದ ಕೃಷ್ಣ ವೃಂದಾವನ ದೇವಸ್ಥಾನವೂ ಇದೆ.

ಅಡುಗೆಮನೆಗೆ ಬರೋಣ. ರಾಗಿ ಹಿಟ್ಟು ಓಕ್ ಟ್ರೀ ರೋಡಿನ ನಮ್ಮ ದೇಶದವರ ಅಂಗಡಿಗಳಲ್ಲಿ ಸಿಗುತ್ತೆ, ಹೊತ್ತು ತರೋದು ಬೇಡ. ಮುದ್ದೆ ಕೆಡೋದು ಒಲೆಯಿಂದ. ಬಹಳ ಅಪಾರ್ಟ್‌ಮೆಂಟುಗಳಲ್ಲಿ ಗಾಜಿನ ಮೇಲ್ಮೈಯ ಕರೆಂಟಿನ ಒಲೆ ಇರುತ್ತೆ. ಅದರಲ್ಲಿ ಉರಿ ಸಣ್ಣಗೆ ಮಾಡಿದರೂ ಗಾಜು ಎಷ್ಟೋ ಹೊತ್ತು ಹಾಗೇ ಕಾದಿರುತ್ತೆ. ಎಸರು ಕುದಿಸಿದ ಜಾಗದಲ್ಲೇ ಹಿಟ್ಟು ಬೇಯೋಕೆ ಬಿಟ್ಟರೆ ತಳ ಸೀಯುತ್ತೆ, ಮೇಲೆ ಹಸಿ ಉಳಿಯುತ್ತೆ. ಎರಡು ಒಲೆ ಬಳಸಿ: ಒಂದರಲ್ಲಿ ಜೋರಾಗಿ 2 ಲೋಟ ಎಸರು ಕುದಿಯುವಾಗಲೇ ಪಕ್ಕದ್ದನ್ನು ಸಣ್ಣಗೆ ಹಚ್ಚಿಟ್ಟಿರಿ. 1 ಲೋಟ ರಾಗಿ ಹಿಟ್ಟು ಸುರಿದು, ನಡುವೆ ಕೋಲು ಚುಚ್ಚಿ, ಗುಡ್ಡೆಯ ಮೇಲೆ ಬುಳಬುಳ ಬಂದ ತಕ್ಷಣ ಪಾತ್ರೆಯನ್ನು ಸಣ್ಣ ಉರಿಗೆ ಸರಿಸಿ, ಮುಚ್ಚಿ, 5-6 ನಿಮಿಷ ಬಿಡಿ. ತಿರುವೋದು ಒಲೆಯ ಮೇಲೆ ಬೇಡ, ಕೋಲಿನ ಒತ್ತಡಕ್ಕೆ ಗಾಜು ಸೀಳಬಹುದು. ಊರಲ್ಲಿ ಮಾಡೋ ಹಾಗೆ ಕೆಳಗಿಳಿಸಿ, ಒದ್ದೆ ಟವಲ್ ಮಡಿಸಿ ಅದರ ಮೇಲಿಟ್ಟು ತಿರುವಿ, ಜಾರಲ್ಲ. ಪಾತ್ರೆ ತಳ ಮಟ್ಟಸವಾಗಿರಬೇಕು, ದುಂಡು ತಳದ್ದು ಈ ಒಲೆಗೆ ಕೂರಲ್ಲ. ಕೋಲು ಮಾತ್ರ ಖಂಡಿತ ತನ್ನಿ. ತೊಳೆಯುವಾಗ ಅಂಟಿದ ಹಿಟ್ಟನ್ನು ಕೆರೆದು ಕಸದ ಬುಟ್ಟಿಗೆ ಹಾಕಿ. ನೆನೆಸಿ ಸಿಂಕಿಗೆ ಸುರಿದರೆ ಪೈಪಿನಲ್ಲಿ ಗೋಂದಿನ ಹಾಗೆ ಕೂರುತ್ತೆ.

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕೋ ಮುಂಚೆ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಎಷ್ಟೋ ಒಲೆಗಳ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸದೆ ಮನೆಯೊಳಕ್ಕೇ ತಿರುಗಿಸುತ್ತೆ. ಹೊಗೆ ಅಲಾರಾಂ ಕೂಗಿದರೆ ಟವಲ್ ಬೀಸಿ, ಬ್ಯಾಟರಿ ತೆಗೆಯಬೇಡಿ. ಇಲ್ಲಿನ ಮನೆಗಳು ಮರದವು.

ಮಿಕ್ಸಿ ತರಬೇಡಿ. ಇಲ್ಲಿ ಕರೆಂಟು 120 ವೋಲ್ಟ್, ನಮ್ಮ 750 ವಾಟಿನ ಮಿಕ್ಸಿಗೆ 1500 ವಾಟಿನ ಭಾರದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತೆ. ಇಲ್ಲಿಗೇ ಅಂತ ಮಾಡಿದ 110 ವೋಲ್ಟಿನ ಪ್ರೀತಿ ಮಿಕ್ಸಿ ಇಲ್ಲೇ ಸಿಗುತ್ತೆ. ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರೋಕೆ, ಮೊಸರು ಹೆಪ್ಪಾಗೋಕೆ ಅವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಒಳಗಿಡಿ, 10-12 ಗಂಟೆ ಸಾಕು. ಬಾಗಿಲಿಗೊಂದು ಚೀಟಿ ಅಂಟಿಸಿ, ಯಾರಾದರೂ ಗೊತ್ತಿಲ್ಲದೆ ಅವನ್ ಹಚ್ಚಿಬಿಟ್ಟಾರು.

ಅವರೆಕಾಳು ಫ್ರೀಜರ್‌ನಲ್ಲಿ ಗುಜರಾತಿ ಹೆಸರಿನಲ್ಲಿ ಸಿಗುತ್ತೆ. 'ಪಾಪ್ಡಿ ಲಿಲ್ವಾ' ಅಂದರೆ ಅವರೆ, 'ತೂವರ್ ಲಿಲ್ವಾ' ಅಂದರೆ ಹಸಿ ತೊಗರಿ. ಪ್ಯಾಕೆಟ್ಟುಗಳು ಅಕ್ಕಪಕ್ಕದಲ್ಲೇ ಇರ್ತವೆ, ಓದಿ ತಗೊಳ್ಳಿ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹಿತಕೋದು ಸುಲಭ. ನಮ್ಮ ಸೊನೆ ಅವರೆಯ ಸೊಗಡು ಅದರಲ್ಲಿ ಬರಲ್ಲ, ಆದರೂ ಹಿತಕಿದಬೇಳೆ ಸಾರು ಆಗುತ್ತೆ. ಬಸ್ಸಾರಿಗೆ ದಂಟಿನ ಸೊಪ್ಪು ಬೇಕಾದರೆ ಚೀನೀ ಅಂಗಡಿಗೆ ಹೋಗಿ, 'ಯಿನ್ ಚಾಯ್' ಅಂತ ಕೇಳಿ. ಸಬ್ಬಸಿಗೆ ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ 'ಡಿಲ್' ಅಂತ ಇರುತ್ತೆ.

ಬಚ್ಚಲಲ್ಲಿ ನೆಲಕ್ಕೆ ನೀರು ಹೋಗೋ ತೂತು ಇರಲ್ಲ. ಟಬ್ಬಿನ ಹೊರಗೆ ಚೆಲ್ಲಿದ ನೀರು ಕೆಳಗಿನ ಮನೆಯ ಚಾವಣಿಯಿಂದ ಇಳಿಯುತ್ತೆ. ಪರದೆಯ ಅಂಚು ಟಬ್ಬಿನ ಒಳಗಿರಲಿ. ಬಟ್ಟೆ ಒಣಗಿಸೋ ಮೆಷಿನ್ನಿನ ನಾರಿನ ಜಾಲರಿ ಪ್ರತಿ ಸಲವೂ ತೆಗೆದು ಸ್ವಚ್ಛ ಮಾಡಿ, ಕಟ್ಟಿಕೊಂಡರೆ ಬೆಂಕಿ ಹತ್ತುತ್ತೆ.

ಸಾಮಾನಿಗೆ ಕರಿಬೇವು ಹಾಕಬೇಡಿ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತೆ ಅಂತ ತಡೆದಿದ್ದಾರೆ. ಅಕ್ಕಿಯೂ ಬೇಡ. ಹುಳಿಪುಡಿ, ಸಾರಿನಪುಡಿ ತರಬಹುದು. ತಿನ್ನೋ ಪದಾರ್ಥ ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಹೇಳಿದರೆ ಬೇಡದ್ದನ್ನು ತೆಗೆದು ಬಿಡ್ತಾರೆ, ಮುಚ್ಚಿಟ್ಟು ಸಿಕ್ಕರೆ ದಂಡ.

ಅತ್ತೆಯವರ ಜೊತೆ ಮಾತಾಡೋಕೆ ಬೆಳಿಗ್ಗೆ 8.30 ಒಳ್ಳೆಯ ಹೊತ್ತು, ಶಿಡ್ಲಘಟ್ಟದಲ್ಲಿ ಆಗ ಸಂಜೆ 7, ದೀಪ ಹಚ್ಚಿ ಕೂತಿರ್ತಾರೆ. ಮಾರ್ಚ್ ಎರಡನೇ ಭಾನುವಾರದಿಂದ ಅದು ಸಂಜೆ 6 ಆಗುತ್ತೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ನೀವು ಬಂದಿಳಿಯೋ ವಾರವೇ. ಮೊಬೈಲು ತಾನಾಗಿ ಬದಲಾಗುತ್ತೆ, ಒಲೆಯ ಮೇಲಿನ ಗಡಿಯಾರ ಮಾತ್ರ ನೀವೇ ತಿರುಗಿಸಬೇಕು.