ಮಿಷನ್‌ನಲ್ಲಿ ಒಂದೇ ಸಂಜೆ ಇದ್ದರೆ ಎಲ್ಲಿ ತಿನ್ನಬೇಕು?

ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಒಂದೇ ಸಂಜೆ ಇರುತ್ತದೆ, ಜೊತೆಗೆ ಸಸ್ಯಾಹಾರಿ ಹೆಂಡತಿ ಇದ್ದಾರೆ, ಎಲ್ಲಿ ತಿನ್ನೋಣ ಅಂತ ಕೇಳಿದ್ದೀರಿ. ಯೋಚನೆ ಬೇಡ, ನೇರ ಲಾ ಟಾಕೆರಿಯಾ ಎಂಬ ಮೆಕ್ಸಿಕನ್ ಹೋಟೆಲಿಗೆ ಹೋಗಿ. 24ನೇ ಬೀದಿಯ ಬಾರ್ಟ್ (ಅಲ್ಲಿನ ನಗರ ರೈಲು) ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆ. 1973ರಿಂದ ನಡೆಯುತ್ತಿರುವ ಅಂಗಡಿ. 2017ರಲ್ಲಿ ಅಮೆರಿಕದ ಹೆಸರಾಂತ ಆಹಾರ ಪ್ರಶಸ್ತಿಗಳನ್ನು ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಇದನ್ನು ಗೌರವಿಸಿತು. ಮಿಷನ್‌ನ ಬೇರೆಡೆ ಬುರಿಟೋಗೆ (ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಹೂರಣ ಸುತ್ತಿದ ತಿನಿಸು) ಅನ್ನ ತುಂಬುತ್ತಾರೆ, ಇಲ್ಲಿ ಅನ್ನವೇ ಇಲ್ಲ. ಹಾಗಾಗಿ ಮಾಂಸ, ಬೀನ್ಸ್, ಸಾಲ್ಸಾ (ಖಾರದ ಚಟ್ನಿ) ಮೂರರ ರುಚಿಯೂ ನಾಲಿಗೆಗೆ ಸ್ಪಷ್ಟವಾಗಿ ಸಿಗುತ್ತದೆ. ‘ಡೊರಾಡೊ’ ಅಂತ ಕೇಳಿ, ಹೊರಗಿನ ಟೋರ್ಟಿಯಾವನ್ನು ಕಾವಲಿಯ ಮೇಲೆ ಹೊಂಬಣ್ಣ ಬರುವವರೆಗೆ ಗರಿಗರಿಯಾಗಿ ಸುಟ್ಟು ಕೊಡುತ್ತಾರೆ. ನನ್ನ ಮಟ್ಟಿಗೆ ಅದಿಲ್ಲದ ಬುರಿಟೋ ಅರ್ಧ ಊಟ.

ಸರತಿ ಸಾಲು ಉದ್ದವಿದ್ದರೆ ಹತ್ತಿರದಲ್ಲೇ ಎಲ್ ಫರೊಲಿಟೋ ಎಂಬ ಇನ್ನೊಂದು ಬುರಿಟೋ ಅಂಗಡಿ ಇದೆ. ತಡರಾತ್ರಿ ಹಸಿವಿಗೆ ಅದೇ ಗತಿ, ಬುರಿಟೋ ಇಬ್ಬರಿಗೆ ಸಾಕಾಗುವಷ್ಟು ದೊಡ್ಡದು.

ಸಸ್ಯಾಹಾರದ ವಿಷಯದಲ್ಲಿ ಮಾತ್ರ ಜಾಗ್ರತೆ. ಮೆಕ್ಸಿಕನ್ ಅಡುಗೆಯಲ್ಲಿ ಅರೆದ ಬೀನ್ಸನ್ನು ಹಂದಿಕೊಬ್ಬಿನಲ್ಲಿ ಹುರಿಯುವುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದು ಮಾಮೂಲಿ. ಎಲ್ಲಿಗೇ ಹೋದರೂ ‘ಸಿನ್ ಮಾಂತೆಕಾ?’ (ಹಂದಿಕೊಬ್ಬಿಲ್ಲದ್ದಾ?) ಅಂತ ಸ್ಪ್ಯಾನಿಷ್‌ನಲ್ಲಿ ಕೇಳಿಯೇ ಆರ್ಡರ್ ಮಾಡಿ. ಬೀನ್ಸ್, ಚೀಸ್, ಆವಕಾಡೊ ಹಾಕಿದ ಟಾಕೋ (ಮಡಚಿದ ಸಣ್ಣ ಟೋರ್ಟಿಯಾ) ನಿಮ್ಮ ಹೆಂಡತಿಗೆ ಖಂಡಿತ ಹಿಡಿಸುತ್ತದೆ.